ಒಂದು ತೊಡೆ, ನಾಲ್ಕು ಎತ್ತು

ಸಾವಿರ ಬೈಠಕ್ ಹೊಡೆದ ಪೈಲ್ವಾನನ ತೊಡೆಯಲ್ಲಿಯೂ ಬೆಳೆಯದೆ ಉಳಿಯುವ ಸ್ನಾಯು ಒಂದಿದೆ. ಜಿಮ್‌ನಲ್ಲಿ ವರ್ಷವಿಡೀ ತೋಳು ತಿರುವಿದವನಿಗೆ ಸಿಗದ ದಪ್ಪ, ಗದೆ ತಿರುವಿದವನಿಗೆ ಸಿಗಬಲ್ಲದು. ಯಾವ ಕಸರತ್ತು ಯಾವ ಸ್ನಾಯುವಿನ ಯಾವ ಭಾಗವನ್ನು ಮುಟ್ಟುತ್ತದೆ? ತೆಲಂಗಾಣ–ಕರ್ನಾಟಕ ಗಡಿ ಸೀಮೆಯ ಕುಸ್ತಿ ಕಣ, ಕಬ್ಬಿನ ಹೊಲ, ಕಲ್ಲಿನ ಗಣಿ ಮತ್ತು ಪೊಲೀಸ್ ಭರ್ತಿಯ ಮೈದಾನದಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ.

ಹೊತ್ತು ಇಳಿಯುತ್ತಿದ್ದಂತೆ ಹಲಗೆಯ ಬಡಿತ ಏರುತ್ತದೆ. ಕಲ್ಲು ಆರಿಸಿ, ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನ ಸುತ್ತ ಮಕ್ಕಳು ಕೂತಿದ್ದಾರೆ. ಅವರ ಹಿಂದೆ ಪಟಗಾ ಸುತ್ತಿದ ಹಿರಿಯರು, ಇನ್ನೂ ಹಿಂದೆ ಟ್ರ್ಯಾಕ್ಟರ್ ಟ್ರಾಲಿ ಹತ್ತಿದ ಹುಡುಗರು. ತೆಂಗಿನಕಾಯಿ ಬಹುಮಾನದ ಕುಸ್ತಿಗಳು ಮುಗಿದಿವೆ. ಈಗ ಬೆಳ್ಳಿ ಕಡಗದ ಕುಸ್ತಿ.

ಇಬ್ಬರು ಪೈಲ್ವಾನರು ಕಣದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ತೊಡೆ ತಟ್ಟುತ್ತಾರೆ. ಆ ಸದ್ದಿಗೇ ಅರ್ಧ ಜನ ಎದ್ದು ನಿಲ್ಲುತ್ತಾರೆ. ಒಬ್ಬನ ತೊಡೆ ಮೊಣಕಾಲಿನ ಮೇಲೆ ಉಬ್ಬಿದೆ. ಇನ್ನೊಬ್ಬನ ತೊಡೆಯ ಒಳಮಗ್ಗುಲು ತುಂಬಿದೆ, ಸೊಂಟದ ಕೆಳಗೆ ದಪ್ಪ. ಇಬ್ಬರೂ ಕಾಲು ಬಲಿತವರೇ, ಆದರೆ ಇಬ್ಬರ ಕಾಲೂ ಒಂದೇ ತೆರನಾಗಿಲ್ಲ.

ಶಿವರಾತ್ರಿಯಿಂದ ಯುಗಾದಿಯವರೆಗೆ ಮನೂರು, ನಾರಾಯಣಖೇಡ, ಜಹೀರಾಬಾದ್ ಸೀಮೆಯ ಜಾತ್ರೆಗಳಲ್ಲಿ ಇಂಥ ನೋಟ ಕಾಣುತ್ತದೆ. ಇದೇ ಸೀಮೆಯ ಶಾಲಾ ಮೈದಾನಗಳಲ್ಲಿ ನಸುಕಿನಲ್ಲಿ ಇನ್ನೊಂದು ಗುಂಪು ಬೆವರು ಸುರಿಸುತ್ತಿರುತ್ತದೆ. ಅವರು ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಾಗುವ ಹುಡುಗ ಹುಡುಗಿಯರು. ತೆಲಂಗಾಣದ 2022ರ ನೇಮಕಾತಿಯಲ್ಲಿ ಗಂಡಸರಿಗೆ 1600 ಮೀಟರ್ ಓಟ, ಉದ್ದ ಜಿಗಿತ ಮತ್ತು 7.26 ಕೆ.ಜಿ. ಗುಂಡು ಎಸೆತ ಇದ್ದವು. ಹೆಂಗಸರಿಗೆ 800 ಮೀಟರ್ ಓಟ, ಉದ್ದ ಜಿಗಿತ ಮತ್ತು 4 ಕೆ.ಜಿ. ಗುಂಡು.

ಕಣದ ಪೈಲ್ವಾನನೂ ಮೈದಾನದ ಹುಡುಗಿಯೂ ಕೇಳುವ ಪ್ರಶ್ನೆ ಒಂದೇ. ಕಾಲು ಗಟ್ಟಿಯಾಗಲು ಏನು ಮಾಡಬೇಕು? ಬಹಳಷ್ಟು ಮಂದಿ ಈ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಯಾವ ಕಾಲು, ಅದರ ಯಾವ ಭಾಗ, ಯಾವ ಕೆಲಸಕ್ಕೆ ಎಂದು ಕೇಳಿದಾಗಲೇ ಕಸರತ್ತಿನ ನಿಜವಾದ ಲೆಕ್ಕ ಶುರುವಾಗುತ್ತದೆ.

ಗಡಿ ಬದಲಾಯಿತು, ತಾಲೀಮು ಉಳಿಯಿತು

1956ಕ್ಕೆ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಉರ್ದು ಆಡುವ ಊರುಗಳು ಇವು. ಕುಸ್ತಿಯ ಮಾತೂ ಅಷ್ಟೇ ಮಿಶ್ರ. ಮೈಸೂರು ಕಡೆಯ ಗರಡಿ ಇಲ್ಲಿ ತಾಲೀಮು, ಕಲಿಸುವವರು ವಸ್ತಾದ, ಅಲ್ಲಿಯ ಬಸ್ಕಿ ಇಲ್ಲಿ ಬೈಠಕ್.

ತಾಲೀಮಿನ ಕಸರತ್ತುಗಳ ಪಟ್ಟಿ ಉದ್ದವೇನಲ್ಲ. ದಂಡ, ಬೈಠಕ್, ಗದೆ, ಜೋಡಿ (ಎರಡು ಕೈಯಲ್ಲಿ ತಿರುವುವ ಮುದ್ಗರ), ಹಗ್ಗ ಹತ್ತುವುದು, ಕಲ್ಲುಗುಂಡು ಎತ್ತುವುದು, ಕಣದ ಮಣ್ಣು ಅಗೆಯುವುದು, ಕೊನೆಗೆ ಜೋರು, ಅಂದರೆ ಜೊತೆಗಾರನೊಡನೆ ಹಿಡಿದಾಟ. ಕೊರಳಿಗೆ ಕಲ್ಲಿನ ಬಳೆ ಹಾಕಿಕೊಂಡು ಬೈಠಕ್ ಹೊಡೆಯುವವರೂ ಇದ್ದರು. ಇದರಲ್ಲಿ ಯಾವುದನ್ನೂ ಸುಮ್ಮನೆ ಸೇರಿಸಿದ್ದಲ್ಲ. ಒಂದೊಂದನ್ನೂ ಬಿಡಿಸಿ ನೋಡಿದರೆ ಸ್ನಾಯುಗಳ ನಕ್ಷೆಯೇ ಸಿಗುತ್ತದೆ.

ನೊಗ ಒಂದು, ಎತ್ತು ನಾಲ್ಕು

ತೊಡೆಯ ಮುಂಭಾಗದಿಂದ ಶುರು ಮಾಡೋಣ. ನಾವು ಒಂದೇ ಗಡ್ಡೆ ಎಂದುಕೊಳ್ಳುವ ಆ ಮಾಂಸ ನಿಜದಲ್ಲಿ ನಾಲ್ಕು ಸ್ನಾಯು. ನಾಲ್ಕೂ ಮೊಣಚಿಪ್ಪಿನ ಹತ್ತಿರ ಒಂದೇ ಸ್ನಾಯುರಜ್ಜುವಿಗೆ ಕೂಡುತ್ತವೆ, ನಾಲ್ಕು ಎತ್ತುಗಳನ್ನು ಒಂದೇ ಕುಂಟೆಗೆ ಹೂಡಿದ ಹಾಗೆ. ಮೂರು ಎತ್ತು ತೊಡೆಯ ಮೂಳೆಯಿಂದಲೇ ಹೊರಡುತ್ತವೆ. ನಾಲ್ಕನೆಯದಾದ ರೆಕ್ಟಸ್ ಫೆಮೊರಿಸ್ ಮಾತ್ರ ಸೊಂಟದ ಮೂಳೆಯಿಂದ ಹೊರಟು, ತೊಡೆಯ ಕೀಲನ್ನೂ ಮೊಣಕಾಲಿನ ಕೀಲನ್ನೂ ದಾಟಿ ಬರುತ್ತದೆ.

ಎರಡು ಕೀಲು ದಾಟುವುದರಿಂದಲೇ ಅದರ ಪಾಡು ಬೇರೆ. ಬೈಠಕ್ ಹೊಡೆಯುವಾಗ ಮೊಣಕಾಲು ಮಡಿಯುತ್ತದೆ, ಜೊತೆಗೇ ಸೊಂಟವೂ ಮಡಿಯುತ್ತದೆ. ಮೊಣಕಾಲಿನ ಕಡೆ ಈ ಸ್ನಾಯು ಎಳೆದುಕೊಂಡಷ್ಟೇ ಸೊಂಟದ ಕಡೆ ಸಡಿಲಾಗುತ್ತದೆ. ಹೀಗಾಗಿ ಉದ್ದ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಉಳಿದ ಮೂರು ಸ್ನಾಯು ಪೂರ್ತಿ ಹಿಗ್ಗಿ ಕುಗ್ಗಿ ದುಡಿಯುವಾಗ ಇದರ ಪಾಲಿಗೆ ಬರುವ ಕೆಲಸ ಕಡಿಮೆ.

2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಭಾರ ಹೊತ್ತ ಬೈಠಕನ್ನು ಒಂದು ಗುಂಪು ಪೂರ್ತಿ ಕೂತು ಮಾಡಿತು, ಇನ್ನೊಂದು ಅರ್ಧಕ್ಕೇ ನಿಲ್ಲಿಸಿತು. ಹತ್ತು ವಾರಗಳ ನಂತರ ಎಂ.ಆರ್.ಐ. ಮಾಡಿದಾಗ ತೊಡೆಯ ಮುಂಭಾಗ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಸಮ ಬೆಳೆದಿತ್ತು, ಶೇ 5ರ ಆಸುಪಾಸು. ವ್ಯತ್ಯಾಸ ಕಂಡಿದ್ದು ಬೇರೆ ಕಡೆ. ಪೃಷ್ಠದ ದೊಡ್ಡ ಸ್ನಾಯು ಪೂರ್ತಿ ಕೂತವರಲ್ಲಿ ಶೇ 6.7 ಬೆಳೆದಿದ್ದರೆ ಅರ್ಧ ಕೂತವರಲ್ಲಿ ಶೇ 2.2 ಮಾತ್ರ. ತೊಡೆಯ ಒಳಮಗ್ಗುಲಿನದು ಶೇ 6.2 ಮತ್ತು 2.7. ರೆಕ್ಟಸ್ ಫೆಮೊರಿಸ್ ಮತ್ತು ತೊಡೆಯ ಹಿಂಭಾಗ ಎರಡೂ ಗುಂಪಿನಲ್ಲಿ ಬೆಳೆಯಲೇ ಇಲ್ಲ.

‘ಪೂರಾ ಕೂಡ್ರೋ ತಮ್ಮಾ, ಅರ್ಧಕ್ಕ ಏಳಬ್ಯಾಡ’ ಎಂದು ವಸ್ತಾದರು ಹುಡುಗರನ್ನು ಗದರುವುದು ಇದಕ್ಕೇ. ಕುಸ್ತಿಯಲ್ಲಿ ಎದುರಾಳಿಯನ್ನು ಸೊಂಟದ ಮೇಲೆ ಎತ್ತಲು, ಕಾಲು ಅಗಲಿಸಿ ಊರಿ ನಿಲ್ಲಲು ಬೇಕಾದದ್ದು ಪೃಷ್ಠ ಮತ್ತು ಒಳತೊಡೆಯ ಬಲ. ಪೂರ್ತಿ ಬೈಠಕ್ ಕೊಡುವುದೂ ಅದನ್ನೇ.

ಓಡುವವನ ಕತೆ ಬೇರೆ. ಹಿಂದೆ ಹೋದ ಕಾಲನ್ನು ಝಾಡಿಸಿ ಮುಂದೆ ತರುವಾಗ, ಚೆಂಡನ್ನು ಒದೆಯುವಾಗ ರೆಕ್ಟಸ್ ಫೆಮೊರಿಸ್ ಬಹಳ ದುಡಿಯುತ್ತದೆ. ಬರೀ ಬೈಠಕ್ ಹೊಡೆದು ಮೈದಾನಕ್ಕೆ ಇಳಿದವನಿಗೆ ವೇಗದ ಓಟದಲ್ಲಿ ತೊಡೆಯ ಮೇಲ್ಭಾಗ ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಅವನು ಕುರ್ಚಿಯಲ್ಲಿ ಕೂತು ಭಾರ ಕಟ್ಟಿದ ಕಾಲನ್ನು ನೆಟ್ಟಗೆ ಚಾಚುವ ಕಸರತ್ತು ಸೇರಿಸಿಕೊಳ್ಳಬೇಕು. ಜಿಮ್‌ನಲ್ಲಿ ಇದಕ್ಕೆ ಲೆಗ್ ಎಕ್ಸ್‌ಟೆನ್ಷನ್ ಯಂತ್ರ ಇರುತ್ತದೆ. ಇಲ್ಲದಿದ್ದರೆ ಮಂಡಿಯೂರಿ ಕೂತು, ಮೊಣಕಾಲಿನಿಂದ ತಲೆಯವರೆಗೆ ನೆಟ್ಟಗಿಟ್ಟುಕೊಂಡು ಮೆಲ್ಲಗೆ ಹಿಂದಕ್ಕೆ ಬಾಗಿ ಏಳಬಹುದು. ಸೊಂಟ ಮಡಿಯದಿರುವುದರಿಂದ ನಾಲ್ಕನೆಯ ಎತ್ತು ತಪ್ಪಿಸಿಕೊಳ್ಳಲಾರದು.

---

ಹೊಸಬರಿಗೆ ಎಚ್ಚರ

ಜಾತ್ರೆಯ ಕುಸ್ತಿ ನೋಡಿ ಹುರುಪೇರಿ ಮೊದಲ ದಿನವೇ ನೂರಾರು ಬೈಠಕ್ ಹೊಡೆಯುವುದು ಅಪಾಯ. ರೂಢಿಯಿಲ್ಲದ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ತೊಡೆ ಊದಿಕೊಂಡು, ವಿಪರೀತ ನೋವಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹತ್ತಿಪ್ಪತ್ತರಿಂದ ಶುರು ಮಾಡಿ ವಾರದಿಂದ ವಾರಕ್ಕೆ ಏರಿಸುವುದೇ ಸರಿ.

---

ಕಬ್ಬಿನ ಹೊಲ ಕಲಿಸುವ ಪಾಠ

ಹಾಗಾದರೆ ತೊಡೆಯ ಹಿಂಭಾಗ? ಬೈಠಕ್ ಅದನ್ನು ಬೆಳೆಸದು ಎಂದಾಯಿತು. ಅಲ್ಲಿರುವ ಸ್ನಾಯುಗಳೂ ಹೆಚ್ಚಿನವು ಎರಡು ಕೀಲು ದಾಟುವಂಥವೇ, ಕೂತಾಗ ನೆಲಕ್ಕೆ ಊರುವ ಎಲುಬಿನಿಂದ ಹೊರಟು ಮೊಣಕಾಲಿನ ಕೆಳಗೆ ಅಂಟಿಕೊಂಡಿವೆ. ಇವನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ವೇಗವಾಗಿ ಓಡುವವರಲ್ಲಿ ಪದೇಪದೇ ಹರಿಯುವ ಸ್ನಾಯು ಇದೇ.

ಇದಕ್ಕೆ ಬೇಕಾದದ್ದು ಮೊಣಕಾಲನ್ನು ಹೆಚ್ಚು ಮಡಿಸದೆ ಸೊಂಟದಿಂದ ಬಾಗುವ ಕೆಲಸ. ಜಹೀರಾಬಾದಿನ ಕೆಂಪು ನೆಲದ ಕಬ್ಬಿನ ಹೊಲಕ್ಕೆ ಹೋಗಿ ನೋಡಿ. ಕಬ್ಬು ಕಡಿಯುವವರು ಒಂದು ಕೈಯಲ್ಲಿ ಜಲ್ಲೆ ಹಿಡಿದು, ಇನ್ನೊಂದರಲ್ಲಿ ಕೊಯ್ತಾ ಬೀಸುತ್ತ ಬುಡಕ್ಕೇ ಕಡಿಯಬೇಕು. ಮೇಲೆ ಬಿಟ್ಟರೆ ಸಕ್ಕರೆ ಅಂಶ ಹೆಚ್ಚಿರುವ ಬುಡವೇ ಹೊಲದಲ್ಲಿ ಉಳಿಯುತ್ತದೆ. ಹಾಗಾಗಿ ದಿನವಿಡೀ ಸೊಂಟ ಬಾಗಿಯೇ ಇರುತ್ತದೆ. ಹಿಂದೊಡೆಯ ಸ್ನಾಯುಗಳು ಮತ್ತು ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳು ಎಳೆದ ಸ್ಥಿತಿಯಲ್ಲೇ ಭಾರ ತಡೆಯುತ್ತವೆ. ತಾಂಡೂರಿನ ಕಲ್ಲಿನ ಗಣಿಯಲ್ಲಿ ಹಾಸುಗಲ್ಲನ್ನು ನೆಲದಿಂದ ಎತ್ತಿ ಲಾರಿಗೆ ತುಂಬುವವರ ದೇಹವೂ ಹೀಗೇ ದುಡಿಯುತ್ತದೆ.

ಹಾಗೆಂದು ದುಡಿಮೆಯೇ ವ್ಯಾಯಾಮ, ಬೇರೆ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಲಕ್ಕೆ ಬೇಕಾದದ್ದು ಕಬ್ಬು ಕಡಿಯುವುದು, ದೇಹದ ಸಮತೋಲ ಅದಕ್ಕೆ ಬೇಕಿಲ್ಲ. ಬಲಗೈ ಬೀಸುತ್ತಲೇ ಇರುತ್ತದೆ, ಎಡಗೈ ಹಿಡಿಯುತ್ತಲೇ ಇರುತ್ತದೆ. ಬಾಗಿದ ಬೆನ್ನಿಗೆ ಪೂರ್ತಿ ನೆಟ್ಟಗಾಗುವ ಪುರುಸೊತ್ತು ಸಿಗದು. ಸ್ನಾಯು ಬೆಳೆಯಲು ಭಾರ ಎಷ್ಟು ಬೇಕೋ ವಿಶ್ರಾಂತಿಯೂ ಅಷ್ಟೇ ಬೇಕು, ಕೂಲಿಯ ದಿನಗಳಲ್ಲಿ ಆ ವಿಶ್ರಾಂತಿ ಇರುವುದಿಲ್ಲ. ಕಬ್ಬು ಕಡಿಯುವ ಹೆಣ್ಣುಮಕ್ಕಳ ಸೊಂಟನೋವನ್ನು ವ್ಯಾಯಾಮದ ಫಲ ಎಂದು ಕರೆಯುವುದು ಅನ್ಯಾಯ.

ಇದೇ ಚಲನೆಯನ್ನು ಅಳತೆಯಲ್ಲಿ, ಬೆನ್ನು ನೆಟ್ಟಗಿಟ್ಟುಕೊಂಡು, ನಡುನಡುವೆ ಬಿಡುವು ಕೊಟ್ಟು ಮಾಡಿದರೆ ಅದು ಕಸರತ್ತು. ಜಾತ್ರೆಗಳಲ್ಲಿ ಕಲ್ಲುಗುಂಡು ಎತ್ತುವವರು, ಜೋಳದ ಚೀಲ ಎತ್ತುವವರು ಮಾಡುವುದು ಇದನ್ನೇ. ಜಿಮ್‌ನಲ್ಲಿ ಡೆಡ್‌ಲಿಫ್ಟ್ ಎನ್ನುತ್ತಾರೆ.

ಮೊಣಕಾಲು ಮಡಿಸುವ ಯಂತ್ರದಲ್ಲೂ ಎರಡು ಬಗೆ, ಕೂತು ಮಾಡುವುದು ಮತ್ತು ಬೋರಲು ಮಲಗಿ ಮಾಡುವುದು. 2021ರ ಅಧ್ಯಯನವೊಂದರಲ್ಲಿ ಪ್ರತಿಯೊಬ್ಬರೂ ಒಂದು ಕಾಲಿಗೆ ಕೂತು, ಇನ್ನೊಂದು ಕಾಲಿಗೆ ಮಲಗಿ ಹನ್ನೆರಡು ವಾರ ಈ ಕಸರತ್ತು ಮಾಡಿದರು. ಕೂತು ಮಾಡಿದ ಕಾಲಿನ ಹಿಂದೊಡೆ ಶೇ 14 ಬೆಳೆಯಿತು, ಮಲಗಿ ಮಾಡಿದ್ದು ಶೇ 9. ಕೂತಾಗ ಸೊಂಟ ಮಡಿದು ಸ್ನಾಯು ಮೊದಲೇ ಎಳೆದಿರುತ್ತದೆ. ಎಳೆದ ಸ್ಥಿತಿಯಲ್ಲಿ ಭಾರ ಹೊತ್ತದ್ದು ಹೆಚ್ಚು ಬೆಳೆಯಿತು.

ಹನುಮಪ್ಪನ ಗದೆ ಮತ್ತು ತೋಳಿನ ಹಿಂಭಾಗ

ಈ ಒಂದು ಸೂತ್ರ ಕೈಯಲ್ಲಿದ್ದರೆ ತೋಳಿನ ಗುಟ್ಟೂ ಬಿಡಿಸಿಕೊಳ್ಳುತ್ತದೆ. ತೋಳು ದಪ್ಪ ಮಾಡಲು ಹುಡುಗರು ಕನ್ನಡಿ ಮುಂದೆ ನಿಂತು ಡಂಬೆಲ್ಸ್ ಎತ್ತುವುದು ಮುಂಭಾಗದ ಬೈಸೆಪ್ಸಿಗಾಗಿ. ತೋಳಿನ ದಪ್ಪದಲ್ಲಿ ದೊಡ್ಡ ಪಾಲು ಇರುವುದು ಹಿಂಭಾಗದ ಟ್ರೈಸೆಪ್ಸಿನದು. ಅದಕ್ಕೆ ಮೂರು ತಲೆ. ಎರಡು ತೋಳಿನ ಮೂಳೆಯಿಂದಲೇ ಹೊರಡುತ್ತವೆ. ಮೂರನೆಯ ಉದ್ದ ತಲೆ ಹೆಗಲ ಹಲಗೆಯಿಂದ ಹೊರಟು ಹೆಗಲಿನ ಕೀಲನ್ನೂ ದಾಟುತ್ತದೆ.

ಕೈ ಕೆಳಗಿಟ್ಟುಕೊಂಡು ಹಗ್ಗ ಎಳೆಯುವ ಯಂತ್ರದಲ್ಲಿ ಮೊಣಕೈ ನೆಟ್ಟಗೆ ಮಾಡಿದರೆ ಮೂರೂ ತಲೆ ಕೆಲಸ ಮಾಡುತ್ತವೆ, ಆದರೆ ಉದ್ದ ತಲೆ ಸಡಿಲವಾಗಿಯೇ ಇರುತ್ತದೆ. ಕೈಯನ್ನು ತಲೆಯ ಮೇಲೆತ್ತಿ ಮೊಣಕೈ ಮಡಿಸಿ ಚಾಚಿದರೆ ಉದ್ದ ತಲೆ ಪೂರ್ತಿ ಎಳೆದುಕೊಂಡು ದುಡಿಯುತ್ತದೆ. ಹಿಂದೊಡೆಯ ಅಧ್ಯಯನ ಮಾಡಿದ ಜಪಾನಿನ ಬಳಗದ ಸಂಶೋಧಕರೇ 21 ಜನರ ಒಂದು ತೋಳಿಗೆ ಮೊದಲ ಬಗೆ, ಇನ್ನೊಂದಕ್ಕೆ ಎರಡನೆಯ ಬಗೆ ಮಾಡಿಸಿದರು. ಹನ್ನೆರಡು ವಾರಗಳಲ್ಲಿ ಕೈ ಮೇಲೆತ್ತಿ ಮಾಡಿದ ತೋಳಿನ ಉದ್ದ ತಲೆ ಶೇ 28.5, ಕೆಳಗಿಟ್ಟು ಮಾಡಿದ್ದು ಶೇ 19.6 ಬೆಳೆಯಿತು. ಕೈ ಮೇಲೆತ್ತಿದ ಕಡೆ ಬಳಸಿದ ಭಾರ ಕಡಿಮೆಯಾಗಿದ್ದರೂ ಬೆಳವಣಿಗೆ ಹೆಚ್ಚು.

ಈಗ ತಾಲೀಮಿನ ಗದೆಯನ್ನು ನೆನೆಯಿರಿ. ಉದ್ದ ಹಿಡಿಯ ತುದಿಗೆ ಕಲ್ಲಿನ ಗುಂಡು. ಪೈಲ್ವಾನ ಅದನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟಾಗ ಮೊಣಕೈ ಕಿವಿಯ ಪಕ್ಕ ಮಡಿದು ನಿಲ್ಲುತ್ತದೆ. ಅಲ್ಲಿಂದ ಗುಂಡನ್ನು ತಿರುವಿ ಮತ್ತೆ ಮುಂದಕ್ಕೆ ತರಬೇಕು. ಪ್ರಯೋಗಾಲಯದಲ್ಲಿ ಕೇಬಲ್ ಕಟ್ಟಿ ಮಾಡಿಸಿದ ಭಂಗಿಗೂ ಇದಕ್ಕೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ. ಉದ್ದ ತಲೆ ಎಳೆದುಕೊಂಡೇ ಭಾರ ತಡೆಯುತ್ತದೆ. ಜೊತೆಗೆ ಹೆಗಲು, ಪಕ್ಕೆ ಮತ್ತು ಮುಂಗೈಯ ಹಿಡಿತವೂ ಪಳಗುತ್ತದೆ. ತಾಲೀಮಿನ ಮೂಲೆಯಲ್ಲಿ ಹನುಮಪ್ಪನ ಪಟದ ಮುಂದೆ ಪೂಜೆಗೆ ಮಾತ್ರ ಉಳಿದಿರುವ ಗದೆಯನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದನ್ನು ಕೈಗೆತ್ತಿಕೊಳ್ಳಬೇಕು.

ದಂಡದೊಳಗಿನ ಎದೆ

ಎದೆಯ ದೊಡ್ಡ ಸ್ನಾಯುವಿನ ಒಂದು ಪಾಲು ಕೊರಳೆಲುಬಿನಿಂದ, ದೊಡ್ಡ ಪಾಲು ಎದೆಮೂಳೆ ಮತ್ತು ಪಕ್ಕೆಲುಬಿನಿಂದ ಹೊರಡುತ್ತದೆ. ಎರಡೂ ಕೂಡಿ ತೋಳಿನ ಮೂಳೆಗೆ ಅಂಟುತ್ತವೆ. ಎಳೆಗಳು ಹರಿಯುವ ದಿಕ್ಕು ಬೇರೆ ಬೇರೆ ಆದ್ದರಿಂದ ಅವು ಎಳೆಯುವ ದಿಕ್ಕೂ ಬೇರೆ. ತೋಳನ್ನು ಮುಂದೆ ಮೇಲಕ್ಕೆ ತಳ್ಳುವಾಗ ಮೇಲಿನ ಪಾಲಿಗೆ ಕೆಲಸ ಹೆಚ್ಚು. ನೇರ ಮುಂದಕ್ಕೆ ಅಥವಾ ಕೆಳಮುಖವಾಗಿ ತಳ್ಳುವಾಗ ಕೆಳಗಿನ ದೊಡ್ಡ ಪಾಲಿಗೆ ಹೆಚ್ಚು. ಜಿಮ್‌ನಲ್ಲಿ ಮಟ್ಟಸ ಬೆಂಚಿನ ಜೊತೆ ಇಳಿಜಾರು ಬೆಂಚನ್ನೂ ಇಡುವುದು ಈ ಕಾರಣಕ್ಕೆ. ಗುಂಡು ಎಸೆಯುವವರಿಗೆ ಇದು ಮುಖ್ಯ. ಗುಂಡು ಹೊರಡುವುದು ಕೊರಳ ಪಕ್ಕದಿಂದ ಓರೆಯಾಗಿ ಮೇಲಕ್ಕೆ, ಬರೀ ಮಟ್ಟಸ ಬೆಂಚಿನಲ್ಲಿ ತಳ್ಳಿದವರಿಗೆ ಆ ಕೋನದ ರೂಢಿ ಇರುವುದಿಲ್ಲ.

ದಂಡದ ಸೊಗಸು ಇರುವುದೇ ಇಲ್ಲಿ. ಸೊಂಟ ಮೇಲೆತ್ತಿ, ತಲೆ ತೋಳುಗಳ ನಡುವೆ ಇಳಿಬಿಟ್ಟು ಶುರುವಾದಾಗ ಹೆಗಲಿನ ಕೀಲು ತಲೆಯ ಮೇಲೆ ಕೈಯೆತ್ತಿದ ಕೋನದಲ್ಲಿರುತ್ತದೆ. ಎದೆ ನೆಲಕ್ಕೆ ಸವರುವಂತೆ ಮುಂದೆ ಜಾರಿದಾಗ ಅದು ಮಟ್ಟಸ ಬೆಂಚಿನ ಕೋನ. ಎದೆಯೆತ್ತಿ ಬೆನ್ನು ಬಾಗಿಸಿ ನಿಂತಾಗ ಕೈ ಕೆಳಮುಖ. ಒಂದೇ ದಂಡದಲ್ಲಿ ಮೂರು ಕೋನ. ಹೆಗಲಿನ ಮುಂಭಾಗ, ಎದೆಯ ಎರಡೂ ಪಾಲು, ಟ್ರೈಸೆಪ್ಸ್, ಪಕ್ಕೆಲುಬಿಗೆ ಅಂಟಿಕೊಂಡ ಸ್ನಾಯು ಎಲ್ಲಕ್ಕೂ ಸರದಿಯ ಮೇಲೆ ಕೆಲಸ ಸಿಗುತ್ತದೆ.

ದಂಡಕ್ಕೂ ಮಿತಿಯಿದೆ. ಅದು ತಳ್ಳುವ ಕಸರತ್ತು, ಎಳೆಯುವುದು ಅದರಲ್ಲಿಲ್ಲ. ಹೆಗಲಿನ ಹಿಂಭಾಗ, ಬೆನ್ನಿನ ಅಗಲದ ಸ್ನಾಯು ಮತ್ತು ಬೈಸೆಪ್ಸಿಗೆ ಅದರಿಂದ ಸಿಗುವುದು ಅಲ್ಪ. ಆ ಕೊರತೆ ತುಂಬಲಿಕ್ಕೇ ತಾಲೀಮಿನಲ್ಲಿ ಹಗ್ಗ ಹತ್ತಿಸುತ್ತಿದ್ದರು, ಕಣದ ಮಣ್ಣನ್ನು ಅಗೆಸಿ ಎಳೆಸುತ್ತಿದ್ದರು. ಮಣ್ಣು ಹದ ಮಾಡುವುದು ಕೂಲಿ ಕೆಲಸವೆಂದು ಬಿಟ್ಟ ಹುಡುಗ ಕಸರತ್ತಿನ ಅರ್ಧ ಭಾಗವನ್ನೇ ಬಿಟ್ಟ ಹಾಗೆ.

ಕಲ್ಯಾಣದ ಅರಸ, ಬೆಂಗಳೂರಿನ ಅಯ್ಯರ್

ದೇಹವನ್ನು ಹೀಗೆ ಬೇರೆ ಬೇರೆ ಶ್ರಮಗಳಿಂದ ಹದಗೊಳಿಸಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅದರ ಮಲ್ಲವಿನೋದ ಎಂಬ ಭಾಗ ಜಟ್ಟಿಗಳನ್ನು ವಯಸ್ಸು ಮತ್ತು ಬಲದ ಮೇಲೆ ವಿಂಗಡಿಸುತ್ತದೆ, ಅವರಿಗೆ ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಿಹಿ ಕೊಡಬೇಕು ಎನ್ನುತ್ತದೆ. ಕಸರತ್ತುಗಳನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಒಂದೇ ಕಸರತ್ತು ಸಾಲದು ಎಂಬುದು ಆಗಲೇ ಗೊತ್ತಿತ್ತು.

ಎಂಟು ಶತಮಾನಗಳ ನಂತರ ಕನ್ನಡನಾಡಿನಲ್ಲಿ ಈ ವಿದ್ಯೆಗೆ ಹೊಸ ರೂಪ ಕೊಟ್ಟವರು ಕೆ.ವಿ. ಅಯ್ಯರ್ (1897–1980). ಸಾಹಿತ್ಯ ಬಲ್ಲವರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ. ಬೆಂಗಳೂರಿನ ಹಳಬರಿಗೆ ಅವರು ಹರ್ಕ್ಯುಲಿಸ್ ಜಿಮ್ನಾಶಿಯಂನ ಗುರು. 1930ರ ದಶಕದಲ್ಲಿ ದೇಹದಾರ್ಢ್ಯದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅಂಚೆಯ ಮೂಲಕ ದೂರದ ಊರುಗಳ ಯುವಕರಿಗೆ ವ್ಯಾಯಾಮ ಕಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಬೆಂಬಲವಾಗಿದ್ದರು.

ಒಂದೊಂದೇ ಸ್ನಾಯುವನ್ನು ಬೇರೆಯಾಗಿ ಬಿಗಿದು ಸಡಿಲಿಸುವುದನ್ನು ಕಲಿಯಬೇಕೆಂಬ ವಿಚಾರ ಆ ಕಾಲದ ದೇಹದಾರ್ಢ್ಯಪಟುಗಳಲ್ಲಿ ಜಗತ್ತಿನೆಲ್ಲೆಡೆ ಹಬ್ಬಿತ್ತು. ಅಯ್ಯರ್ ಅದನ್ನು ಭಾರ ಎತ್ತುವುದರ ಜೊತೆ, ಸೂರ್ಯನಮಸ್ಕಾರ ಮತ್ತು ಆಸನಗಳ ಜೊತೆ ಕೂಡಿಸಿದರು. ಪಶ್ಚಿಮದ ಬಾರ್‌ಬೆಲ್ ಬಂತೆಂದು ಸೂರ್ಯನಮಸ್ಕಾರವನ್ನು ಎಸೆಯಲಿಲ್ಲ, ನಮ್ಮದು ದೊಡ್ಡದೆಂದು ಬಾರ್‌ಬೆಲ್ಲನ್ನು ಜರೆಯಲಿಲ್ಲ. ಇವತ್ತು ಜಿಮ್ ಮೇಲೋ ತಾಲೀಮು ಮೇಲೋ ಎಂದು ಜಗಳ ಆಡುವವರು ಅಯ್ಯರ್ ಅವರ ದಾರಿಯನ್ನು ಒಮ್ಮೆ ನೋಡಬೇಕು.

---

ಆಗದ ಮಾತುಗಳು

ಹೊಟ್ಟೆಯ ಕಸರತ್ತು ಹೊಟ್ಟೆಯ ಕೊಬ್ಬನ್ನೇ ಕರಗಿಸುವುದಿಲ್ಲ. ಸ್ನಾಯು ಬಲಿಯುತ್ತದೆ. ಮೇಲಿನ ಕೊಬ್ಬು ಇಳಿಯುವುದು ಇಡೀ ದೇಹದ ಊಟ ಮತ್ತು ದುಡಿಮೆಯ ಲೆಕ್ಕದಲ್ಲಿ, ಎಲ್ಲಿಂದ ಮೊದಲು ಎಂಬುದು ನಮ್ಮ ಕೈಯಲ್ಲಿಲ್ಲ.

‘ಸಿಕ್ಸ್ ಪ್ಯಾಕ್’ನ ಗೆರೆಗಳು ಹುಟ್ಟಿನಿಂದ ಬಂದ ಸ್ನಾಯುರಜ್ಜುವಿನ ಪಟ್ಟಿಗಳು. ಕಸರತ್ತಿನಿಂದ ಅವುಗಳ ಸಂಖ್ಯೆ ಹೆಚ್ಚದು.

ಬೈಸೆಪ್ಸಿನ ಮೇಲೆ ಏಳುವ ಗುಡ್ಡದ ಆಕಾರವೂ ಹೆಚ್ಚಾಗಿ ಹುಟ್ಟಿನದೇ. ದಪ್ಪ ಮಾಡಬಹುದು, ಆಕಾರ ಬದಲಿಸುವುದು ಕಷ್ಟ.

ಎದೆಯ ನಡುಗೆರೆಯ ಪಕ್ಕದ ಭಾಗವನ್ನಷ್ಟೇ ಬೆಳೆಸುವ ಕಸರತ್ತಿಲ್ಲ. ಅಡ್ಡ ಹರಿಯುವ ಎಳೆ ಎದೆಮೂಳೆಯಿಂದ ತೋಳಿನ ಕಡೆಗೆ ಹೋಗುತ್ತದೆ, ಅದರ ಒಂದು ತುದಿಯನ್ನು ಮಾತ್ರ ದುಡಿಸಲು ಬಾರದು.

---

ಹೀಗೆಂದ ಮೇಲೆ ಒಂದು ತಿದ್ದುಪಡಿಯನ್ನೂ ಹೇಳಬೇಕು. ಸ್ನಾಯು ತನ್ನ ಉದ್ದಕ್ಕೂ ಒಂದೇ ಸಮ ದಪ್ಪಗಾಗುತ್ತದೆ ಎಂಬುದೂ ನಿಜವಲ್ಲ. 1980ರ ದಶಕದ ಕೊನೆಯಲ್ಲಿ ತೊಡೆಯನ್ನು ಸ್ಕ್ಯಾನ್ ಮಾಡಿ ಅಡ್ಡಸೀಳುಗಳನ್ನು ಅಳೆಯತೊಡಗಿದ ಮೇಲೆ, ಒಂದೇ ಸ್ನಾಯುವಿನ ನಡುಭಾಗ ಮತ್ತು ತುದಿಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆಳೆಯುವುದು ಕಂಡುಬಂತು. ಭಾರವನ್ನು ಮೆಲ್ಲಗೆ ಇಳಿಸುತ್ತ ಮಾಡಿದ ಕಸರತ್ತು ಎಳೆಗಳನ್ನು ಉದ್ದವಾಗಿಸುವ ಕಡೆ, ಎತ್ತುತ್ತ ಮಾಡಿದ್ದು ಅಡ್ಡಕ್ಕೆ ಬೆಳೆಸುವ ಕಡೆ ವಾಲುತ್ತದೆ. ಬೈಠಕ್‌ನಲ್ಲಿ ಧಡ್ಡನೆ ಕೂರದೆ ತಡೆದು ಕೂರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಮೀನಖಂಡದ ಲೆಕ್ಕ

ಪೊಲೀಸ್ ಭರ್ತಿಗೆ ಓಡುವವರು ಕಾಲಿನ ಮೀನಖಂಡವನ್ನು ಮರೆಯಬಾರದು. ಮೇಲೆ ಉಬ್ಬಿ ಕಾಣುವ ಗ್ಯಾಸ್ಟ್ರೊನೀಮಿಯಸ್ ಮೊಣಕಾಲಿನ ಮೇಲಿಂದ ಹೊರಡುತ್ತದೆ. ಅದರ ಅಡಿಯ ಸೋಲಿಯಸ್ ಮೊಣಕಾಲಿನ ಕೆಳಗಿಂದ. ಎರಡೂ ಹಿಮ್ಮಡಿಗೆ ಕೂಡುತ್ತವೆ. ನಿಂತು ಹಿಮ್ಮಡಿ ಎತ್ತಿದರೆ ಎರಡೂ ದುಡಿಯುತ್ತವೆ, ಕುರ್ಚಿಯಲ್ಲಿ ಕೂತು ಎತ್ತಿದರೆ ಮೇಲಿನದು ಸಡಿಲಾಗಿ ಹೆಚ್ಚಿನ ಕೆಲಸ ಕೆಳಗಿನದಕ್ಕೆ.

2023ರಲ್ಲಿ ಪ್ರಕಟವಾದ ಅಳತೆ ಕಣ್ಣು ತೆರೆಸುವಂಥದ್ದು. ಹನ್ನೆರಡು ವಾರ ನಿಂತು ಮಾಡಿದ ಕಾಲಿನಲ್ಲಿ ಹೊರಮಗ್ಗುಲ ಗ್ಯಾಸ್ಟ್ರೊನೀಮಿಯಸ್ ಶೇ 12.4 ಬೆಳೆಯಿತು. ಕೂತು ಮಾಡಿದ ಕಾಲಿನಲ್ಲಿ ಶೇ 1.7 ಮಾತ್ರ. ಸೋಲಿಯಸ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಉದ್ದ ಜಿಗಿತಕ್ಕೆ ನೆಲ ಒದ್ದು ಹಾರಬೇಕಾದವರು ನಿಂತೇ ಮಾಡಲಿ. ಯಂತ್ರ ಬೇಕಿಲ್ಲ, ಮನೆಯ ಮೆಟ್ಟಿಲ ಅಂಚು ಸಾಕು. ಹಿಮ್ಮಡಿ ಪೂರ್ತಿ ಕೆಳಗಿಳಿಯಬೇಕು, ಪೂರ್ತಿ ಮೇಲೇಳಬೇಕು. 1600 ಮೀಟರಿನ ದಮ್ಮು ಮಾತ್ರ ಓಡಿಯೇ ಗಳಿಸಬೇಕು.

ಊಟದ ಬಗ್ಗೆ ಬಹಳ ಹೇಳಬೇಕಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಜೋಳದ ರೊಟ್ಟಿ, ಬೇಳೆ, ಮೊಸರು, ಸಿಕ್ಕರೆ ಮೊಟ್ಟೆ. ಸಾವಿರಾರು ರೂಪಾಯಿಯ ಪುಡಿ ಡಬ್ಬಿ ಕೊಳ್ಳುವ ಮೊದಲು ತಟ್ಟೆಯಲ್ಲಿ ಬೇಳೆ ಎಷ್ಟಿದೆ ನೋಡಿ.

ಹಾಗಾದರೆ ಏನು ಮಾಡಬೇಕು?

ತಾಲೀಮಿಗೆ ಹೋಗುವವರು ದಂಡ, ಬೈಠಕ್ ಬಿಡಬೇಡಿ, ಪೂರ್ತಿ ಮಾಡಿ. ಅವಕ್ಕೆ ಗದೆ, ಹಗ್ಗ ಮತ್ತು ಕಲ್ಲುಗುಂಡನ್ನು ಮರಳಿ ಸೇರಿಸಿ. ತೊಡೆಯ ಹಿಂಭಾಗಕ್ಕೆ ಸೊಂಟದಿಂದ ಬಾಗಿ ಎತ್ತುವ ಒಂದು ಕಸರತ್ತು ವಾರಕ್ಕೆ ಎರಡು ದಿನ ಇರಲಿ.

ಜಿಮ್‌ಗೆ ಹೋಗುವವರು ಎದೆಗೆ ಐದು ಯಂತ್ರ, ಕಾಲಿಗೆ ಒಂದು ಎಂಬ ಕ್ರಮ ಬಿಡಿ. ಎರಡು ಕೀಲು ದಾಟುವ ಸ್ನಾಯುಗಳನ್ನು ಎಳೆದ ಸ್ಥಿತಿಯಲ್ಲಿ ದುಡಿಸಿ. ಟ್ರೈಸೆಪ್ಸನ್ನು ಕೈ ಮೇಲೆತ್ತಿ, ಹಿಂದೊಡೆಯನ್ನು ಕೂತು, ಮೀನಖಂಡವನ್ನು ಮೊಣಕಾಲು ನೆಟ್ಟಗಿಟ್ಟು ಮಾಡಿ. ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಅವರ ಸ್ನಾಯುಗಳಿಗೆ ಬೇರೆ ನಿಯಮವಿಲ್ಲ, ಭಾರ ಎತ್ತಿದರೆ ಅಂದ ಕೆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಊರಿನ ಹಿರಿಯರಲ್ಲಿ, ಪಂಚಾಯಿತಿಯವರಲ್ಲಿ ಒಂದು ಕೇಳಿಕೆ. ಜಾತ್ರೆಯ ಬೆಳ್ಳಿ ಕಡಗಕ್ಕೆ ಹಣ ಕೂಡಿಸುವಾಗ ಅದರ ಸ್ವಲ್ಪ ಪಾಲನ್ನು ತೆಗೆದಿಡಿ. ಶಾಲಾ ಮೈದಾನದಲ್ಲಿ ಒಂದು ಗಟ್ಟಿ ಕಂಬಿ, ಬೇವಿನ ಮರಕ್ಕೆ ಒಂದು ದಪ್ಪ ಹಗ್ಗ, ಬೇರೆ ಬೇರೆ ತೂಕದ ನಾಲ್ಕು ಕಲ್ಲುಗುಂಡು, ಎರಡು ಗದೆ, ಹೆಣ್ಣುಮಕ್ಕಳು ಅಂಜದೆ ಬರುವ ಹಾಗೆ ಒಂದು ದೀಪ. ಮುಂದಿನ ಶಿವರಾತ್ರಿಗೆ ಇನ್ನೂ ಸಮಯವಿದೆ, ಈಗಲೇ ಶುರು ಮಾಡಿ.